ನಮ್ಮ ಬೀದಿಯ ಕೆಲಸ ನಾವೇ ಬರೆಯೋಣ

ಕೊಡಗಿನ ಮಳೆ ನಮಗೆಲ್ಲ ಗೊತ್ತು. ಜೂನ್ ತಿಂಗಳಲ್ಲಿ ಶುರುವಾದರೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ಸೋಮವಾರಪೇಟೆಯ ಸಂತೆಯಲ್ಲಿ ಜನ ಕೊಡೆ ಹಿಡಿದೇ ತರಕಾರಿ ಕೊಳ್ಳುತ್ತಾರೆ.

ಮಳೆ ಬಂದಾಗ ಬೀದಿಯ ಗುಟ್ಟೆಲ್ಲ ಬಯಲಾಗುತ್ತದೆ. ಯಾವ ಚರಂಡಿ ಕಟ್ಟಿದೆ? ಯಾವ ಮೋರಿ ಸಣ್ಣದು? ಯಾವ ಮನೆಯ ಹಿಂದಿನ ಬರೆ ಜರಿಯುತ್ತಿದೆ? ಯಾವ ಮೂಲೆಯಲ್ಲಿ ಮಕ್ಕಳು ಜಾರಿ ಬೀಳುತ್ತಾರೆ?

ಇದನ್ನು ಚೆನ್ನಾಗಿ ಬಲ್ಲವರು ಯಾರು? ಆ ಬೀದಿಯಲ್ಲಿ ಇರುವವರೇ ಅಲ್ಲವೆ?

ಇಂಜಿನಿಯರ್ ಬೇಸಿಗೆಯಲ್ಲಿ ಬಂದು ನೋಡುತ್ತಾರೆ. ಆಗ ಬೀದಿ ಒಣಗಿರುತ್ತದೆ. ನೀರು ಎಲ್ಲಿ ನಿಲ್ಲುತ್ತದೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಅಳತೆ ಮಾಡುವ ವಿದ್ಯೆ ಅವರದು. ನೀರಿನ ದಾರಿ ಬಲ್ಲ ಅನುಭವ ನಮ್ಮದು. ಎರಡೂ ಸೇರಿದರೆ ಕೆಲಸ ಸರಿಯಾಗುತ್ತದೆ. ಒಂದನ್ನು ಬಿಟ್ಟರೆ ದುಡ್ಡೂ ಹೋಗುತ್ತದೆ, ಚರಂಡಿಯೂ ಹೋಗುತ್ತದೆ.

ಆದರೆ ನಮಗೆ ಗೊತ್ತಿದ್ದರೆ ಸಾಲದು. ಅದು ಕಾಗದದ ಮೇಲೆ ಬರಬೇಕು. ಬಾಯಿಮಾತು ಸಭೆ ಮುಗಿಯುವಾಗ ಮುಗಿದುಹೋಗುತ್ತದೆ. ಬರೆದ ಮಾತು ಉಳಿಯುತ್ತದೆ. ನಾವು ಅಕ್ಷರ ಕಲಿತದ್ದು ಇದಕ್ಕೂ ಬರುತ್ತದೆ. ಹೇಗೆ ಅಂತ ನೋಡೋಣ ಬನ್ನಿ.

ನಮ್ಮ ಮನೆ ಯಾರ ಲೆಕ್ಕಕ್ಕೆ?

ಮೊದಲು ಇದನ್ನು ತಿಳಿಯಬೇಕು. ಸೋಮವಾರಪೇಟೆ ಪಟ್ಟಣಕ್ಕೆ ಪಟ್ಟಣ ಪಂಚಾಯಿತಿ ಇದೆ. ಪಟ್ಟಣವನ್ನು 11 ವಾರ್ಡು ಮಾಡಿದ್ದಾರೆ. ಪಟ್ಟಣದ ಅಂಚಿನಲ್ಲಿ ಚೌಡ್ಲು ಮುಂತಾದ ಗ್ರಾಮ ಪಂಚಾಯಿತಿಗಳು ಇವೆ. ನೋಡುವುದಕ್ಕೆ ಎಲ್ಲ ಒಂದೇ ಪೇಟೆ. ಆದರೆ ಈ ಬದಿಯ ಚರಂಡಿ ಒಬ್ಬರ ಲೆಕ್ಕ, ಆ ಬದಿಯ ಚರಂಡಿ ಇನ್ನೊಬ್ಬರ ಲೆಕ್ಕ ಆಗಿರಬಹುದು.

ತಪ್ಪು ಕಚೇರಿಗೆ ಅರ್ಜಿ ಕೊಟ್ಟರೆ ಏನಾಗುತ್ತದೆ? "ಇದು ನಮ್ಮದಲ್ಲ" ಎನ್ನುತ್ತಾರೆ. ಒಂದು ಮಳೆಗಾಲ ಹಾಗೇ ಕಳೆದುಹೋಗುತ್ತದೆ.

ತಿಳಿಯುವುದು ಕಷ್ಟವಲ್ಲ. ಮನೆ ಕಂದಾಯದ ರಸೀದಿ ತೆಗೆದು ಓದಿ. ಮೇಲೆ ಯಾವ ಪಂಚಾಯಿತಿ ಹೆಸರು ಇದೆಯೋ ಅದೇ ನಿಮ್ಮ ಕಚೇರಿ. ವಾರ್ಡಿನ ವಿವರ ಮತದಾರರ ಪಟ್ಟಿಯಲ್ಲಿ ಸಿಗುತ್ತದೆ.

ಎಲ್ಲ ಕೆಲಸವೂ ಪಂಚಾಯಿತಿಯದಲ್ಲ. ಕೆಲವು ದೊಡ್ಡ ರಸ್ತೆಗಳು ಲೋಕೋಪಯೋಗಿ ಇಲಾಖೆಯವು. ಕರೆಂಟು ಕಂಬ, ತಂತಿ ಚಾಮುಂಡೇಶ್ವರಿ ವಿದ್ಯುತ್ ಕಂಪನಿಯವು. ಕಾಫಿ ತೋಟದ ಲೈನ್ ಮನೆಯ ದುರಸ್ತಿ ಮಾಲೀಕರ ಹೊಣೆ. ಹಾಗಂತ ಲೈನ್ ಮನೆಯಲ್ಲಿ ಇರುವವರು ಸಭೆಗೆ ಬರಬಾರದು ಅಂತಲ್ಲ. ಮತದಾರರ ಪಟ್ಟಿಯಲ್ಲಿ ಅವರ ಹೆಸರೂ ಇದೆ. ಶಾಲೆಯ ದಾರಿ, ಬಸ್ ನಿಲ್ದಾಣ, ಅಂಗನವಾಡಿ ಅವರಿಗೂ ಬೇಕು.

ಕಾನೂನು ಏನು ಹೇಳುತ್ತದೆ?

1993ರಲ್ಲಿ ಸಂವಿಧಾನದ ಎರಡು ತಿದ್ದುಪಡಿ ಜಾರಿಗೆ ಬಂದವು. 73ನೆಯದು ಹಳ್ಳಿಗಳಿಗೆ. 74ನೆಯದು ಪಟ್ಟಣ, ನಗರಗಳಿಗೆ. ಊರಿನ ಆಡಳಿತ ಊರವರ ಕೈಗೆ ಬರಬೇಕು ಎಂಬುದು ಎರಡರ ಉದ್ದೇಶ. ಅದೇ ವರ್ಷ ಕರ್ನಾಟಕದ ಪಂಚಾಯತ್ ರಾಜ್ ಕಾನೂನು ಬಂತು.

ಹಳ್ಳಿಯವರಿಗೆ ಈ ಕಾನೂನಿನಲ್ಲಿ ವಾರ್ಡ್ ಸಭೆ, ಗ್ರಾಮ ಸಭೆ ಇವೆ. ವಾರ್ಡ್ ಸಭೆಯನ್ನು ಆರು ತಿಂಗಳಿಗೆ ಒಮ್ಮೆಯಾದರೂ ಸೇರಿಸಬೇಕು. ಮತದಾರರ ಪಟ್ಟಿಯಲ್ಲಿ ಇರುವ ಎಲ್ಲರೂ ಅದರ ಸದಸ್ಯರು. ಬಂದವರಲ್ಲಿ ನೂರಕ್ಕೆ 30 ಜನವಾದರೂ ಹೆಂಗಸರು ಇರಬೇಕು. ಯಾವ ಕೆಲಸ ಬೇಕು, ಯಾವುದು ಮೊದಲು ಎಂದು ವಾರ್ಡ್ ಸಭೆ ಹೇಳುತ್ತದೆ. ಎಲ್ಲ ವಾರ್ಡಿನ ಪಟ್ಟಿಯೂ ಗ್ರಾಮ ಸಭೆಗೆ ಹೋಗುತ್ತದೆ.

ಪಟ್ಟಣದವರಿಗೆ ಹೇಗೆ? 74ನೆಯ ತಿದ್ದುಪಡಿ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿದ್ದು 3 ಲಕ್ಷ ಅಥವಾ ಹೆಚ್ಚು ಜನ ಇರುವ ನಗರಗಳಿಗೆ. ಸೋಮವಾರಪೇಟೆಯಂಥ ಸಣ್ಣ ಪಟ್ಟಣಕ್ಕೆ ಅದು ಕಡ್ಡಾಯವಲ್ಲ. ಹಳ್ಳಿಯವರನ್ನು ಕಾನೂನೇ ಸಭೆಗೆ ಕರೆಯುತ್ತದೆ. ಸಣ್ಣ ಪಟ್ಟಣದವರು ತಾವಾಗಿಯೇ ಸೇರಬೇಕು. ವಾರ್ಡಿನ ಸದಸ್ಯರನ್ನು ತಾವೇ ಕರೆಯಬೇಕು.

ಇನ್ನೊಂದು ದಾರಿಯೂ ಇದೆ. ಪಟ್ಟಣ ಪಂಚಾಯಿತಿಯವರು ಬಜೆಟ್ ಮಾಡುವ ಮೊದಲು ಸಾರ್ವಜನಿಕರ ಸಲಹೆ ಕೇಳಲು ಸಭೆ ಕರೆಯುತ್ತಾರೆ. ಬಜೆಟ್ ಪೂರ್ವಭಾವಿ ಸಭೆ ಎಂದು ಅದರ ಹೆಸರು. ಅದು ಯಾವತ್ತು ಎಂದು ಮೊದಲೇ ವಿಚಾರಿಸಿ. ಆ ಸಭೆಗೆ ಬೆರಳೆಣಿಕೆಯ ಜನ ಬಂದರೆ ಬಂದವರ ಬೀದಿಯ ಮಾತು ಮಾತ್ರ ದಾಖಲಾಗುತ್ತದೆ.

ನಡೆದು ನೋಡೋಣ

ಒಂದು ಬೀದಿ ಇದೆ ಎಂದುಕೊಳ್ಳೋಣ. ನಲವತ್ತು ಮನೆ. ಮೇಲೆ ಗುಡ್ಡ, ಕೆಳಗೆ ತೋಡು. ಕೊಡಗಿನಲ್ಲಿ ಇಂಥ ಬೀದಿ ಬೇಕಾದಷ್ಟಿವೆ.

ಒಂದು ಭಾನುವಾರ ಬೆಳಿಗ್ಗೆ ಹತ್ತು ಹನ್ನೆರಡು ಜನ ಸೇರಿ. ಮೇಲಿನ ಮನೆಯಿಂದ ಕೆಳಗಿನ ಮನೆವರೆಗೂ ನಡೆಯಿರಿ. ಮಳೆಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ನಡೆದರೆ ಒಳ್ಳೆಯದು. ಮಳೆಗಾಲದಲ್ಲಿ ಚರಂಡಿಯ ಕಷ್ಟ ಕಾಣುತ್ತದೆ. ಬೇಸಿಗೆಯಲ್ಲಿ ನಲ್ಲಿಯ ಕಷ್ಟ ಕಾಣುತ್ತದೆ. ರಾತ್ರಿ ಒಮ್ಮೆ ನಡೆಯಿರಿ. ಎಲ್ಲಿ ದೀಪ ಇಲ್ಲ ಎಂದು ತಿಳಿಯುತ್ತದೆ.

ಒಬ್ಬರು ಪುಸ್ತಕ ಹಿಡಿಯಲಿ. ಹೊಸದಾಗಿ ಬರೆಯಲು ಕಲಿತವರೇ ಹಿಡಿಯಲಿ. ತಪ್ಪಾದರೂ ಚಿಂತೆ ಇಲ್ಲ. ಹೀಗೆ ಬರೆಯಿರಿ:

ಎಲ್ಲಿ: ಮೂರನೆಯ ತಿರುವು, ನಲ್ಲಿಯ ಪಕ್ಕ.
ಏನು: ಮೋರಿಯ ಪೈಪು ಸಣ್ಣದು. ಮಳೆ ನೀರು ರಸ್ತೆ ಮೇಲೆ ಬರುತ್ತದೆ.
ಯಾವಾಗ: ಜೂನ್‌ನಿಂದ ಸೆಪ್ಟೆಂಬರ್.
ಯಾರಿಗೆ ಕಷ್ಟ: ಕೆಳಗಿನ ಆರು ಮನೆಗೆ. ಶಾಲೆಗೆ ಹೋಗುವ ಮಕ್ಕಳಿಗೆ.

"ರಸ್ತೆ ಸರಿ ಇಲ್ಲ" ಎಂದು ಬರೆದರೆ ಯಾರಿಗೂ ಅರ್ಥವಾಗುವುದಿಲ್ಲ. ಎಲ್ಲಿ, ಏನು, ಯಾವಾಗ, ಯಾರಿಗೆ — ಈ ನಾಲ್ಕು ಇದ್ದರೆ ಇಂಜಿನಿಯರ್ ನೇರವಾಗಿ ಆ ಜಾಗಕ್ಕೆ ಬಂದು ನಿಲ್ಲಬಹುದು.

ನೆಲದ ಮೇಲೆ ನಕ್ಷೆ

ನಕ್ಷೆ ಬರೆಯಲು ಓದು ಬೇಕಿಲ್ಲ. ರಂಗೋಲಿ ಪುಡಿ ಇದ್ದರೆ ಸಾಕು.

1980ರ ದಶಕದ ಕೊನೆಯಲ್ಲಿ ಮೈರಾಡ ಎಂಬ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಇದನ್ನು ಮಾಡಿಸಿತು. ಹಳ್ಳಿಯವರೇ ನೆಲದ ಮೇಲೆ ತಮ್ಮ ಊರಿನ ನಕ್ಷೆ ಬರೆದರು. ಬಣ್ಣದ ಪುಡಿ, ಕಾಳು, ಕಲ್ಲು, ಎಲೆ — ಇವೇ ಅವರ ಪೆನ್ನು ಪೆನ್ಸಿಲ್. ಮನೆಗೆ ಕಲ್ಲು, ಮರಕ್ಕೆ ಎಲೆ, ನೀರಿಗೆ ನೀಲಿ ಪುಡಿ. ನೋಡಲು ಬಂದ ತಜ್ಞರಿಗೇ ಆಶ್ಚರ್ಯವಾಯಿತು. ಶಾಲೆಗೆ ಹೋಗದ ಹೆಂಗಸರು ಯಾವ ಬಾವಿಯಲ್ಲಿ ಯಾವ ತಿಂಗಳು ನೀರು ಇಳಿಯುತ್ತದೆ ಎಂದು ತೋರಿಸಿದರು. ಈ ರೀತಿ ಮುಂದೆ ಬೇರೆ ದೇಶಗಳಿಗೂ ಹೋಯಿತು.

ನಮ್ಮ ಬೀದಿಯವರೂ ಹೀಗೆ ಮಾಡಬಹುದು. ಶಾಲೆಯ ಜಗಲಿ ಆಗಬಹುದು. ದೇವಸ್ಥಾನದ, ಮಸೀದಿಯ, ಚರ್ಚಿನ ಮುಂದಿನ ಅಂಗಳ ಆಗಬಹುದು. ಎಲ್ಲರೂ ಸುತ್ತ ನಿಂತು ನೋಡುವಂತೆ ಇರಲಿ. ಒಬ್ಬರು ತಪ್ಪು ಬರೆದರೆ ಇನ್ನೊಬ್ಬರು ಒರೆಸಿ ಸರಿ ಮಾಡಬೇಕು. ಮುಗಿದ ಮೇಲೆ ಅದನ್ನು ಕಾಗದಕ್ಕೆ ಇಳಿಸಿ.

ಗುಡ್ಡದ ಊರಿನಲ್ಲಿ ನಕ್ಷೆಗೆ ಇನ್ನೊಂದು ಮಹತ್ವ ಇದೆ. 2018ರ ಆಗಸ್ಟ್ ತಿಂಗಳನ್ನು ಕೊಡಗಿನವರು ಮರೆಯುವುದಿಲ್ಲ. ಮಡಿಕೇರಿ, ಸೋಮವಾರಪೇಟೆ ತಾಲ್ಲೂಕುಗಳಲ್ಲಿ ಗುಡ್ಡಗಳು ಜರಿದವು. ಜನ ಪ್ರಾಣ ಕಳೆದುಕೊಂಡರು. ಮನೆ, ತೋಟ ಮಣ್ಣಿನಡಿ ಹೋದವು. ಮನೆ ಕಳೆದುಕೊಂಡ ಎಷ್ಟೋ ಕುಟುಂಬಗಳಿಗೆ ಮಾದಾಪುರದ ಹತ್ತಿರ ಜಂಬೂರಿನಲ್ಲಿ ಹೊಸ ಮನೆ ಕಟ್ಟಿಕೊಡಬೇಕಾಯಿತು. ಅತಿಯಾದ ಮಳೆ ಒಂದು ಕಾರಣ. ರಸ್ತೆಗೆ, ಮನೆಗೆ ಅಂತ ಇಳಿಜಾರನ್ನು ಕಡಿದದ್ದೂ ಕಾರಣ ಎಂದು ಭೂವಿಜ್ಞಾನಿಗಳು ಹೇಳಿದರು.

ಆದ್ದರಿಂದ ನಕ್ಷೆಯಲ್ಲಿ ಹಳೆಯ ನೀರಿನ ದಾರಿಯನ್ನೂ ಬರೆಯಿರಿ. ಬೀದಿಯ ಅಜ್ಜ ಅಜ್ಜಿಯರನ್ನು ಕೇಳಿ.

"ಅಜ್ಜಿ, ನೀವು ಈ ಬೀದಿಗೆ ಬಂದಾಗ ತೋಡು ಎಲ್ಲಿ ಹರೀತಿತ್ತು?"

"ಅಗೋ, ಆ ಹಲಸಿನ ಮರದ ಬುಡದಲ್ಲಿ. ಈಗ ಅಲ್ಲಿ ಮಣ್ಣು ತುಂಬಿ ಮನೆ ಕಟ್ಟಿದ್ದಾರೆ. ನೀರು ಮಾತ್ರ ದಾರಿ ಮರೆತಿಲ್ಲ ಮಗಾ. ಮಳೆ ಜೋರಾದರೆ ಅಲ್ಲಿಗೇ ಬರುತ್ತೆ."

ಅಜ್ಜಿಯ ಈ ಮಾತು ಯಾವ ಕಡತದಲ್ಲೂ ಇರುವುದಿಲ್ಲ. ನಾವು ಬರೆದರೆ ಮಾತ್ರ ಇರುತ್ತದೆ. ಬರೆ ಬಿರುಕು ಬಿಟ್ಟಿದೆಯೆ? ಹೊಸ ಜಾಗದಲ್ಲಿ ಕೆಸರು ನೀರು ಉಕ್ಕುತ್ತಿದೆಯೆ? ಮರ ವಾಲಿದೆಯೆ? ಇದಕ್ಕೆ ಸಭೆ ಬರುವವರೆಗೆ ಕಾಯಬೇಡಿ. ಪಂಚಾಯಿತಿಗೆ, ತಾಲ್ಲೂಕು ಕಚೇರಿಗೆ ಅವತ್ತೇ ತಿಳಿಸಿ.

ಯಾರು ಮಾತಾಡಲಿಲ್ಲ?

ಸಭೆ ಎಂದರೆ ನಾಲ್ಕು ಜನ ಮಾತಾಡುತ್ತಾರೆ. ಉಳಿದವರು ತಲೆ ಆಡಿಸುತ್ತಾರೆ. ಆ ನಾಲ್ಕು ಜನರ ಮನೆಯ ಮುಂದೆ ಕಾಂಕ್ರೀಟ್ ಬರುತ್ತದೆ. ಕಡೆಯ ಮನೆಯ ಮುಂದೆ ಕೆಸರು ಉಳಿಯುತ್ತದೆ.

ಕಡೆಯ ಮನೆಯಲ್ಲಿ ಯಾರಿದ್ದಾರೆ? ಪೈಸಾರಿ ಜಾಗದಲ್ಲಿ ಗುಡಿಸಲು ಹಾಕಿದವರು. ಕೂಲಿಗೆ ಹೋಗುವವರು. ಒಂಟಿ ಹೆಂಗಸರು. ನಡೆಯಲು ಆಗದ ಮುದುಕರು. ಬೇರೆ ಊರಿನಿಂದ ತೋಟದ ಕೆಲಸಕ್ಕೆ ಬಂದವರು. ಸಭೆ ಹಗಲು ಹನ್ನೊಂದು ಗಂಟೆಗೆ ಇಟ್ಟರೆ ಇವರು ಬರಲು ಆಗುವುದಿಲ್ಲ. ಬಂದರೆ ಒಂದು ದಿನದ ಕೂಲಿ ಹೋಯಿತು.

ಅದಕ್ಕೆ ಮುಂಚೆಯೇ ಅವರ ಮನೆಗೆ ಹೋಗಿ ಕೇಳಬೇಕು. ಸಂಜೆ ಹೊತ್ತು ಬೀದಿಯ ಸಭೆ ಇಡಬೇಕು. ಹೆಂಗಸರು ಬೇರೆಯಾಗಿ ಒಮ್ಮೆ ಕೂತು ಮಾತಾಡಬೇಕು. ನೀರು ಹಿಡಿಯುವವರು ಅವರು. ರಾತ್ರಿ ಶೌಚಕ್ಕೆ ಹೋಗಲು ಹೆದರುವವರು ಅವರು. ಗಂಡಸರ ಪಟ್ಟಿಯಲ್ಲಿ ರಸ್ತೆ ಮೊದಲು ಬಂದರೆ ಹೆಂಗಸರ ಪಟ್ಟಿಯಲ್ಲಿ ನಲ್ಲಿ ಮತ್ತು ದೀಪ ಮೊದಲು ಬರಬಹುದು. ಎರಡು ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ಮಕ್ಕಳ ಮಾತೂ ಬೇಕು. ಕರಾವಳಿಯ ಕುಂದಾಪುರ ತಾಲ್ಲೂಕಿನ ಕಥೆ ಕೇಳಿ. ಅಲ್ಲಿ 1990ರ ದಶಕದಲ್ಲಿ ಕೆಲವು ಊರುಗಳಲ್ಲಿ ಮಕ್ಕಳ ಪಂಚಾಯಿತಿ ಶುರುವಾಯಿತು. ದುಡಿಯುವ ಮಕ್ಕಳ ಭೀಮ ಸಂಘದವರೂ ಅದರಲ್ಲಿ ಇದ್ದರು. 2002ರಿಂದ 2007ರ ಐದು ವರ್ಷದ ಯೋಜನೆ ಮಾಡುವಾಗ ಕೆರಾಡಿಯಂಥ ಪಂಚಾಯಿತಿಗಳಲ್ಲಿ ಮಕ್ಕಳೇ ಊರಿನ ಮಾಹಿತಿ ಕಲೆಹಾಕಿದರು. ತಮಗೆ ಬೇಕಾದ್ದನ್ನು ಬರೆದು ದೊಡ್ಡವರ ಮುಂದೆ ಇಟ್ಟರು. ಮಳೆಗಾಲದಲ್ಲಿ ಹಳ್ಳ ದಾಟಲು ಕಾಲುಸಂಕ ಬೇಕು ಎಂಬುದು ಮಕ್ಕಳ ದೊಡ್ಡ ಕಷ್ಟವಾಗಿತ್ತು. ದೊಡ್ಡವರು ದಾಟುವ ಹಳ್ಳ ಮಕ್ಕಳಿಗೆ ಹೊಳೆ. ದೊಡ್ಡವರಿಗೆ ಇದು ತಟ್ಟನೆ ಹೊಳೆಯುವುದಿಲ್ಲ. ಇವತ್ತು ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮ ಸಭೆ ಎಂದೇ ನಡೆಯುತ್ತದೆ.

ಯಾವುದು ಮೊದಲು?

ಪಟ್ಟಿ ಮಾಡಿದರೆ ಇಪ್ಪತ್ತು ಕೆಲಸ ಆಗುತ್ತದೆ. ಹಣ ಇರುವುದು ಎರಡಕ್ಕೋ ಮೂರಕ್ಕೋ. ಇಲ್ಲಿ ಜಗಳ ಶುರುವಾಗುತ್ತದೆ.

"ಮೇಲಿನ ರಸ್ತೆಗೆ ಕಾಂಕ್ರೀಟ್ ಹಾಕಿಸೋಣ."

"ನಿಮ್ಮ ಮನೆ ಮೇಲೆ ಇದೆ ಅಣ್ಣ, ಅದಕ್ಕೆ ಹಾಗಂತೀರಿ. ಕಾಂಕ್ರೀಟ್ ಹಾಕಿದರೆ ನೀರೆಲ್ಲ ಇನ್ನೂ ಜೋರಾಗಿ ನಮ್ಮ ಅಂಗಳಕ್ಕೆ ಬರುತ್ತೆ."

"ಹಾಗಾದರೆ ಏನು ಮಾಡೋಣ ಅಂತೀರಿ ಅಕ್ಕ?"

"ಮೊದಲು ಕೆಳಗಿನ ಮೋರಿ ದೊಡ್ಡದಾಗಲಿ. ಆಮೇಲೆ ಚರಂಡಿ. ಆಮೇಲೆ ರಸ್ತೆ."

ಅಕ್ಕ ಹೇಳಿದ್ದು ಸರಿ. ನೀರಿನ ಕೆಲಸವನ್ನು ಕೆಳಗಿನಿಂದ ಶುರು ಮಾಡಬೇಕು. ನೀರು ಹೋಗುವ ಬಾಗಿಲು ತೆರೆಯದೆ ಮೇಲಿನಿಂದ ನೀರು ಬಿಟ್ಟರೆ ಕೆಳಗಿನವರು ಮುಳುಗುತ್ತಾರೆ. ಇಂಥ ಮಾತು ಸಭೆಯಲ್ಲಿ ಬರಬೇಕಾದರೆ ಕೆಳಗಿನ ಮನೆಯವರು ಸಭೆಯಲ್ಲಿ ಇರಬೇಕು.

ಜಗಳ ಬಿಡಿಸಲು ಒಂದು ಸುಲಭ ಉಪಾಯ ಇದೆ. ಪ್ರತಿ ಕೆಲಸಕ್ಕೂ ಒಂದು ಚಿತ್ರ ಬರೆದು ನೆಲದ ಮೇಲೆ ಇಡಿ. ನಲ್ಲಿಗೆ ಒಂದು, ದೀಪಕ್ಕೆ ಒಂದು, ಮೋರಿಗೆ ಒಂದು. ಪ್ರತಿಯೊಬ್ಬರಿಗೂ ಐದು ಕಾಫಿ ಬೀಜ ಕೊಡಿ. ಬೇಕಾದ ಕೆಲಸದ ಮುಂದೆ ಬೀಜ ಇಡಲಿ. ತುಂಬ ಬೇಕಾದ್ದಕ್ಕೆ ಐದನ್ನೂ ಇಡಬಹುದು. ಕಡೆಗೆ ಎಣಿಸಿ. ತೋಟದ ಮಾಲೀಕನಿಗೂ ಐದೇ ಬೀಜ, ಕೂಲಿ ಹೆಂಗಸಿಗೂ ಐದೇ ಬೀಜ.

ಆದರೆ ಎಣಿಕೆ ಒಂದೇ ಸಾಲದು. ಹೆಚ್ಚು ಜನ ಇರುವ ಕಡೆಯೇ ಯಾವಾಗಲೂ ಗೆದ್ದರೆ ಕಡೆಯ ಆರು ಮನೆಗೆ ಎಂದೂ ಸರದಿ ಬರುವುದಿಲ್ಲ. ದೂರದ ಬ್ರೆಜಿಲ್ ದೇಶದ ಪೋರ್ಟೊ ಅಲೆಗ್ರೆ ನಗರದಲ್ಲಿ ಇದಕ್ಕೆ ಒಂದು ದಾರಿ ಹುಡುಕಿದರು. ಅಲ್ಲಿ 1989ರಲ್ಲಿ ಬಡಾವಣೆಯ ಜನರೇ ಸೇರಿ ನಗರದ ಹಣ ಎಲ್ಲಿ ಖರ್ಚಾಗಬೇಕು ಎಂದು ಹೇಳುವ ಪದ್ಧತಿ ಬಂತು. ಯಾವ ಬಡಾವಣೆಗೆ ಸೌಕರ್ಯ ಕಡಿಮೆಯೋ ಅದಕ್ಕೆ ಹೆಚ್ಚು ಅಂಕ ಕೊಟ್ಟರು. ಆಮೇಲೆ ಜಗತ್ತಿನ ಎಷ್ಟೋ ನಗರಗಳು ಈ ಪದ್ಧತಿಯನ್ನು ನೋಡಿ ಕಲಿತವು. ನಾವೂ ಹೀಗೆ ಕೇಳಬಹುದು: ಇದು ಪ್ರಾಣಕ್ಕೆ ಅಪಾಯವೋ? ಕುಡಿಯುವ ನೀರಿನದೋ? ಇಲ್ಲಿಗೆ ಇದುವರೆಗೆ ಏನೂ ಬಂದಿಲ್ಲವೋ? ಹೌದು ಎಂದರೆ ಅದು ಮೇಲೆ ಬರಲಿ.

ಅರ್ಜಿ ಬರೆಯೋಣ

ಪಟ್ಟಿ ಸಿದ್ಧವಾಯಿತು. ಈಗ ಅರ್ಜಿ. ಪಟ್ಟಣದಲ್ಲಿ ಅರ್ಜಿಯನ್ನು ಮುಖ್ಯಾಧಿಕಾರಿಗಳಿಗೆ ಬರೆಯಬೇಕು. ಹಳ್ಳಿಯಲ್ಲಿ ಪಂಚಾಯಿತಿ ಅಧ್ಯಕ್ಷರಿಗೆ ಮತ್ತು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೆ ಬರೆಯಬೇಕು. ಹೀಗೆ:

ಇವರಿಗೆ,
ಮುಖ್ಯಾಧಿಕಾರಿಗಳು,
ಪಟ್ಟಣ ಪಂಚಾಯಿತಿ, ಸೋಮವಾರಪೇಟೆ.

ವಿಷಯ: ನಮ್ಮ ಬೀದಿಯ ಮೋರಿ ಮತ್ತು ಚರಂಡಿ ಕೆಲಸದ ಬಗ್ಗೆ.

ಮಾನ್ಯರೆ,
ನಾವು ಈ ಬೀದಿಯ 40 ಮನೆಯವರು. ನಾವೆಲ್ಲ ಸೇರಿ ಬೀದಿಯನ್ನು ನಡೆದು ನೋಡಿ ಪಟ್ಟಿ ಮಾಡಿದ್ದೇವೆ. ನಕ್ಷೆ ಜೊತೆಗೆ ಇದೆ. ಮೂರನೆಯ ತಿರುವಿನ ಮೋರಿ ಸಣ್ಣದಾಗಿದ್ದು, ಮಳೆ ನೀರು ಆರು ಮನೆಗೆ ನುಗ್ಗುತ್ತದೆ. ಇದು ನಮ್ಮ ಮೊದಲ ಬೇಡಿಕೆ. ದಯವಿಟ್ಟು ಇಂಜಿನಿಯರ್ ಅವರನ್ನು ಕಳಿಸಿ, ನಮ್ಮ ಎದುರಿಗೆ ಅಳತೆ ಮಾಡಿಸಿ, ಮುಂದಿನ ಮಳೆಗಾಲಕ್ಕೆ ಮೊದಲು ಕೆಲಸ ಮುಗಿಸಿಕೊಡಬೇಕಾಗಿ ಕೋರುತ್ತೇವೆ.

ಇಂತಿ,
ಬೀದಿಯ ನಿವಾಸಿಗಳು (ಸಹಿಗಳು)

ಎರಡು ಪ್ರತಿ ಮಾಡಿ. ಒಂದನ್ನು ಕಚೇರಿಗೆ ಕೊಡಿ. ಇನ್ನೊಂದರ ಮೇಲೆ ಕಚೇರಿಯ ಮೊಹರು, ತಾರೀಖು ಹಾಕಿಸಿಕೊಳ್ಳಿ. ಇದಕ್ಕೆ ಸ್ವೀಕೃತಿ ಎನ್ನುತ್ತಾರೆ. ಸ್ವೀಕೃತಿ ಇಲ್ಲದ ಅರ್ಜಿ ಕೊಟ್ಟೂ ಕೊಡದ ಹಾಗೆ.

ಕಾಲವನ್ನೂ ನೋಡಿಕೊಳ್ಳಿ. ಸರ್ಕಾರದ ಲೆಕ್ಕದ ವರ್ಷ ಏಪ್ರಿಲ್ 1ಕ್ಕೆ ಶುರು, ಮಾರ್ಚ್ 31ಕ್ಕೆ ಕೊನೆ. ಕೊಡಗಿನಲ್ಲಿ ಮಳೆಯಲ್ಲಿ ಮಣ್ಣು ಕಡಿಯುವ ಕೆಲಸ ಮಾಡಬಾರದು. ಮಳೆಗಾಲದಲ್ಲಿ ನೋಡಿ ಬರೆಯಬೇಕು. ಅಕ್ಟೋಬರ್, ನವೆಂಬರ್ ಹೊತ್ತಿಗೆ ಪಟ್ಟಿ ಕೊಡಬೇಕು. ಬೇಸಿಗೆಯಲ್ಲಿ ಕೆಲಸ ಮುಗಿಯಬೇಕು. ಮೇ ತಿಂಗಳಲ್ಲಿ ಅರ್ಜಿ ಕೊಟ್ಟು ಜೂನ್‌ನಲ್ಲಿ ಚರಂಡಿ ಕೇಳಿದರೆ ಆಗುವ ಮಾತಲ್ಲ.

ಸಹಿಗೆ ಮೊದಲು ಓದಿ

ಇದು ಎಲ್ಲಕ್ಕಿಂತ ಮುಖ್ಯ.

ಸಭೆಯಲ್ಲಿ ಒಂದು ಪುಸ್ತಕ ಇರುತ್ತದೆ. ನಡಾವಳಿ ಪುಸ್ತಕ. ಸಭೆಯಲ್ಲಿ ಏನು ಮಾತಾಯಿತು, ಏನು ತೀರ್ಮಾನವಾಯಿತು ಎಂದು ಅದರಲ್ಲಿ ಬರೆಯಬೇಕು. ಬಂದವರು ಸಹಿ ಹಾಕಬೇಕು. ಹಿಂದೆ ಏನಾಗುತ್ತಿತ್ತು? "ಇಲ್ಲಿ ಹೆಬ್ಬೆಟ್ಟು ಒತ್ತಮ್ಮ" ಎಂದರೆ ಒತ್ತುತ್ತಿದ್ದೆವು. ಮೇಲೆ ಏನಿದೆ ಎಂದು ಕೇಳುತ್ತಿರಲಿಲ್ಲ. ಹಾಳೆ ಖಾಲಿ ಇದ್ದರೂ ಕೇಳುತ್ತಿರಲಿಲ್ಲ. ಆಮೇಲೆ ಆ ಖಾಲಿ ಹಾಳೆಯಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಬರೆಯಬಹುದು. ನಮ್ಮ ಹೆಬ್ಬೆಟ್ಟು ಅದಕ್ಕೆ ಒಪ್ಪಿಗೆ ಆಗಿಬಿಡುತ್ತದೆ.

ಈಗ ನಮಗೆ ಓದಲು ಬರುತ್ತದೆ. ನಿಧಾನವಾದರೂ ಬರುತ್ತದೆ. ಆದ್ದರಿಂದ ಹೀಗೆ ಹೇಳಿ:

"ಸಾರ್, ಸ್ವಲ್ಪ ಇರಿ. ಓದಿ ಸಹಿ ಹಾಕ್ತೀನಿ."

ನಿಮ್ಮ ಬೀದಿಯ ಕೆಲಸ ಬರೆದಿದ್ದಾರೆಯೆ? ಎಷ್ಟನೆಯ ಸಂಖ್ಯೆಯಲ್ಲಿ ಇದೆ? ಬರೆದಿಲ್ಲವೆ? ಬರೆಯಲು ಹೇಳಿ. ಹಾಳೆ ಖಾಲಿ ಇದೆಯೆ? ಸಹಿ ಹಾಕಬೇಡಿ. ಅಕ್ಷರ ಅರ್ಥವಾಗದಿದ್ದರೆ ಗಟ್ಟಿಯಾಗಿ ಓದಿ ಹೇಳಲು ಕೇಳಿ. ಇದರಲ್ಲಿ ನಾಚಿಕೆ ಇಲ್ಲ. ಜಗಳವೂ ಇಲ್ಲ. ಇದು ನಮ್ಮ ಹಕ್ಕು.

ಕೆಲಸ ನಡೆಯುವಾಗ

ಪಟ್ಟಿಗೆ ಸೇರಿದ ಮೇಲೆ ಪಂಚಾಯಿತಿ ಕ್ರಿಯಾ ಯೋಜನೆ ಮಾಡುತ್ತದೆ. ಇಂಜಿನಿಯರ್ ಅಂದಾಜು ಪಟ್ಟಿ ಮಾಡುತ್ತಾರೆ. ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ಆಳ, ಎಷ್ಟು ರೂಪಾಯಿ — ಎಲ್ಲ ಅದರಲ್ಲಿ ಇರುತ್ತದೆ. ಅದರ ನಕಲು ಕೇಳಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾನೂನಿನಲ್ಲಿ ಅರ್ಜಿ ಹಾಕಿ. ಅರ್ಜಿಯ ಶುಲ್ಕ 10 ರೂಪಾಯಿ. 30 ದಿನದೊಳಗೆ ಉತ್ತರ ಬರಬೇಕು.

ನಕಲು ಕೈಗೆ ಬಂದರೆ ಅಳತೆ ನೋಡುವುದು ಸುಲಭ. 60 ಮೀಟರ್ ಚರಂಡಿ ಎಂದು ಬರೆದಿದ್ದಾರೆ. ಟೇಪು ಹಿಡಿಯಿರಿ. 60 ಇದೆಯೆ? ಚರಂಡಿಗೆ ಇಳಿಜಾರು ಇದೆಯೆ? ಒಂದು ಬಕೆಟ್ ನೀರು ಸುರಿದು ನೋಡಿ. ನೀರು ತೋಡಿನ ಕಡೆ ಹೋದರೆ ಸರಿ. ನಿಂತರೆ, ಅಥವಾ ಹಿಂದಕ್ಕೆ ಬಂದರೆ ಕಂಟ್ರಾಕ್ಟರ್‌ಗೆ ಬಿಲ್ಲು ಆಗುವ ಮೊದಲೇ ಬರೆದು ಕೊಡಿ.

ಹಳ್ಳಿಗಳಲ್ಲಿ ವರ್ಷಕ್ಕೊಮ್ಮೆ ಜಮಾಬಂದಿ ನಡೆಯುತ್ತದೆ. ಪಂಚಾಯಿತಿಯ ಲೆಕ್ಕವನ್ನು, ಮಾಡಿದ ಕೆಲಸವನ್ನು ಜನರ ಎದುರಿಗೆ ನೋಡುವ ದಿನ ಅದು. ಅವತ್ತು ಮನೆಯಲ್ಲಿ ಕೂರಬೇಡಿ.

ನಮ್ಮ ಪಾಲಿನ ಕೆಲಸವೂ ಇದೆ. ಚರಂಡಿ ಕಟ್ಟಿಸಿ, ಅದಕ್ಕೇ ಪ್ಲಾಸ್ಟಿಕ್ ಎಸೆದರೆ ಒಂದೇ ಮಳೆಗೆ ಅದು ತುಂಬುತ್ತದೆ. ಅದನ್ನು ಕೈಯಲ್ಲಿ ಎತ್ತಬೇಕಾದವರು ಪೌರಕಾರ್ಮಿಕರು. ಅವರೂ ನಮ್ಮ ಹಾಗೆ ಮನುಷ್ಯರು. ಮನೆಯ ಮುಂದಿನ ಚರಂಡಿ ಮೇಲೆ ಚಪ್ಪಡಿ ಹಾಕಿ ಮುಚ್ಚಿ, ಗಾಡಿ ನಿಲ್ಲಿಸಿದರೂ ಅಷ್ಟೇ. ಪಟ್ಟಿಯಲ್ಲಿ ಎರಡು ಭಾಗ ಇರಲಿ: ಪಂಚಾಯಿತಿ ಮಾಡಬೇಕಾದ್ದು, ನಾವೇ ಮಾಡಬೇಕಾದ್ದು.

ಪಕ್ಕದ ಕೇರಳದ ಪಾಠ

ಇದೆಲ್ಲ ಆಗುವ ಮಾತೇ ಎಂದು ಕೇಳಬಹುದು. ನಮ್ಮ ಪಕ್ಕದಲ್ಲೇ ನೋಡಿ. ಕೊಡಗಿನ ಗಡಿ ದಾಟಿದರೆ ಕೇರಳದ ಕಣ್ಣೂರು ಜಿಲ್ಲೆ.

ಕೇರಳದಲ್ಲಿ 1990ರ ಸುಮಾರಿಗೆ ದೊಡ್ಡ ಸಾಕ್ಷರತಾ ಆಂದೋಲನ ನಡೆಯಿತು. 1991ರ ಏಪ್ರಿಲ್‌ನಲ್ಲಿ ಇಡೀ ರಾಜ್ಯವನ್ನು ಸಂಪೂರ್ಣ ಸಾಕ್ಷರ ಎಂದು ಸಾರಿದರು. ಅಕ್ಷರ ಕಲಿಸಿದ ಕಾರ್ಯಕರ್ತರು ಅಲ್ಲಿಗೇ ನಿಲ್ಲಲಿಲ್ಲ. ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಎಂಬ ಸಂಘಟನೆ ವಿಜ್ಞಾನಿಗಳ ಜೊತೆ ಸೇರಿ ಕೆಲವು ಪಂಚಾಯಿತಿಗಳಲ್ಲಿ ನಕ್ಷೆ ಬರೆಸಿತು. ನೆಲ ಯಾವುದು, ನೀರು ಎಲ್ಲಿ, ಬೆಳೆ ಏನು ಎಂದು ಊರವರೇ ನಡೆದು ನೋಡಿ ಬರೆದರು. ಕಣ್ಣೂರು ಜಿಲ್ಲೆಯ ಕಲ್ಯಾಶ್ಶೇರಿ ಇದರಲ್ಲಿ ಹೆಸರು ಮಾಡಿತು. ಅಕ್ಷರದಿಂದ ನಕ್ಷೆ, ನಕ್ಷೆಯಿಂದ ಯೋಜನೆ — ಹೀಗೆ ದಾರಿ ಬೆಳೆಯಿತು.

1996ರಲ್ಲಿ ಕೇರಳ ಸರ್ಕಾರ ಜನಕೀಯ ಯೋಜನೆ ಶುರು ಮಾಡಿತು. ರಾಜ್ಯದ ಯೋಜನೆಯ ಹಣದಲ್ಲಿ ನೂರಕ್ಕೆ 35ರಿಂದ 40 ರೂಪಾಯಿ ಪಂಚಾಯಿತಿ ಮತ್ತು ನಗರಸಭೆಗಳಿಗೆ ಎಂದು ತೀರ್ಮಾನ ಮಾಡಿದರು. ಗ್ರಾಮ ಸಭೆಯಲ್ಲಿ ಜನ ಗುಂಪು ಗುಂಪಾಗಿ ಕೂತು ಬೇಡಿಕೆ ಬರೆದರು. ಹೆಂಗಸರಿಗಾಗಿ ನೂರಕ್ಕೆ 10 ರೂಪಾಯಿ ತೆಗೆದಿಟ್ಟರು. ಕಾಸರಗೋಡಿನ ಕನ್ನಡದವರ ಪಂಚಾಯಿತಿಗಳೂ ಈ ಯೋಜನೆಯ ಒಳಗೇ ಇದ್ದವು.

ಅಲ್ಲಿ ಎಲ್ಲವೂ ಸುಸೂತ್ರವಾಗಿ ಆಗಲಿಲ್ಲ. ಮೊದಲ ಉತ್ಸಾಹ ಇಳಿದ ಮೇಲೆ ಎಷ್ಟೋ ಕಡೆ ಸಭೆಗೆ ಬರುವವರು ಕಡಿಮೆಯಾದರು. ಸಾಲ, ಸಹಾಯಧನ ಬೇಕಾದವರು ಮಾತ್ರ ಬರುವಂತಾಯಿತು. ಇದೂ ನಮಗೆ ಪಾಠವೇ. ಒಮ್ಮೆ ಸಭೆ ಸೇರುವುದು ಸುಲಭ. ವರ್ಷ ವರ್ಷವೂ ಸೇರುವುದು ಕಷ್ಟ. ಕೇಳಿದ್ದರಲ್ಲಿ ಒಂದಾದರೂ ಆದರೆ ಜನ ಮತ್ತೆ ಬರುತ್ತಾರೆ. ಆಗದಿದ್ದಾಗ ಯಾಕೆ ಆಗಲಿಲ್ಲ ಎಂದು ಪಂಚಾಯಿತಿಯವರು ಎದುರು ನಿಂತು ಹೇಳಿದರೂ ಬರುತ್ತಾರೆ. ಏನೂ ಹೇಳದೆ ಬಿಟ್ಟರೆ ಬರುವುದಿಲ್ಲ.

ಕರ್ನಾಟಕದಲ್ಲೂ "ನಮ್ಮ ಗ್ರಾಮ ನಮ್ಮ ಯೋಜನೆ" ಎಂಬ ಹೆಸರಿನಲ್ಲಿ ಗ್ರಾಮ ಪಂಚಾಯಿತಿಗಳು ಯೋಜನೆ ಮಾಡಿವೆ. ಹೆಸರು ಚೆನ್ನಾಗಿದೆ. ಅದು ನಿಜವಾಗಿ ನಮ್ಮ ಯೋಜನೆ ಆಗುವುದು ನಾವು ಹೋಗಿ ಕೂತು, ಮಾತಾಡಿ, ಬರೆಸಿ, ಓದಿ ಸಹಿ ಹಾಕಿದಾಗ.

ನೆನಪಿಡಿ

1. ನಿಮ್ಮ ಮನೆ ಯಾವ ಪಂಚಾಯಿತಿ, ಯಾವ ವಾರ್ಡು — ತಿಳಿದುಕೊಳ್ಳಿ.
2. ಬೀದಿಯನ್ನು ಮಳೆಯಲ್ಲೂ ಬಿಸಿಲಲ್ಲೂ ನಡೆದು ನೋಡಿ.
3. ಎಲ್ಲಿ, ಏನು, ಯಾವಾಗ, ಯಾರಿಗೆ — ನಾಲ್ಕನ್ನೂ ಬರೆಯಿರಿ.
4. ಕಡೆಯ ಮನೆಯವರನ್ನು ಮೊದಲು ಕೇಳಿ.
5. ನೀರಿನ ಕೆಲಸ ಕೆಳಗಿನಿಂದ ಮೇಲಕ್ಕೆ.
6. ಅರ್ಜಿಗೆ ಸ್ವೀಕೃತಿ ಪಡೆಯಿರಿ.
7. ಓದದೆ ಸಹಿ ಹಾಕಬೇಡಿ. ಖಾಲಿ ಹಾಳೆಗೆ ಎಂದೂ ಸಹಿ ಹಾಕಬೇಡಿ.

ಕೂಡಿ ಮಾತಾಡಿ

ನಿಮ್ಮ ಬೀದಿಯಲ್ಲಿ ಮಳೆ ನೀರು ಎಲ್ಲಿ ನಿಲ್ಲುತ್ತದೆ? ಯಾಕೆ?
ಹೋದ ಸಭೆಗೆ ನಿಮ್ಮ ಮನೆಯಿಂದ ಯಾರು ಹೋಗಿದ್ದರು? ಹೆಂಗಸರು ಎಷ್ಟು ಜನ ಇದ್ದರು?
ನಿಮ್ಮ ಕೈಯಲ್ಲಿ ಐದು ಕಾಫಿ ಬೀಜ ಇದ್ದರೆ ಯಾವ ಕೆಲಸದ ಮುಂದೆ ಇಡುತ್ತೀರಿ?

ಮಾಡಿ ನೋಡಿ

ನಿಮ್ಮ ಬೀದಿಯ ಒಂದೇ ಒಂದು ಕೆಲಸದ ಬಗ್ಗೆ ನಾಲ್ಕು ಸಾಲು ಬರೆಯಿರಿ. ಬರೆದದ್ದನ್ನು ಪಕ್ಕದ ಮನೆಯವರಿಗೆ ಓದಿ ಹೇಳಿ. ಅವರು ಏನು ಸೇರಿಸುತ್ತಾರೆ ಕೇಳಿ, ಅದನ್ನೂ ಬರೆಯಿರಿ.